ಅವಳು ಐದು ಗಂಟೆಗೆ ಏಳುತ್ತಾಳೆ

ಅಕ್ಕನ ಮನೆ
ಮಂಗಳವಾರ, ಹದಿನಾಲ್ಕನೇ ತಾರೀಖು

ಇವರಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದರೆ ಕಾಣುತ್ತದೆ, ಹಿಡಿಯಬೇಡಿ. ಕ್ಷೇಮ ಸಮಾಚಾರ ನಾನು ಕೇಳುವುದಿಲ್ಲ. ಅಕ್ಕ ದಿನ ಬಿಟ್ಟು ದಿನ ನಿಮಗೆ ಫೋನ್ ಮಾಡಿ, ಆಮೇಲೆ ಭಾವನ ಮುಂದೆ ಎಲ್ಲದರ ವರದಿ ಒಪ್ಪಿಸುತ್ತಾಳೆ. ನಾನು ಕಿವಿಗೇ ಬೀಳದವಳಂತೆ ಬಟ್ಟೆ ಮಡಚುತ್ತಾ ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತೇನೆ.

ಮನೆ ಬಿಟ್ಟು ಬಂದು ಹದಿನೆಂಟು ದಿನವಾಯಿತು. ಯಾಕೆ ಹೋದಳು ಎಂದು ಅಕ್ಕನನ್ನು ಕೇಳಿದಿರಂತೆ. ನನ್ನನ್ನೇ ಕೇಳಬಹುದಿತ್ತು. ಇರಲಿ, ಹೇಳುತ್ತೇನೆ. ಫೋನಿನಲ್ಲಾದರೆ ಅಳು ಬರುತ್ತದೆ, ಅದಕ್ಕೇ ಈ ಕಾಗದ.

ನಿಮ್ಮ ಇಂಗ್ಲಿಷ್ ಕ್ಲಾಸಿನ ನೋಟ್ ಪುಸ್ತಕ ನೋಡಿದೆ. ಇಂಗ್ಲಿಷ್ ಬಂದರೆ ಆಸ್ಪತ್ರೆಯ ಲಿಫ್ಟ್ ರಿಪೇರಿಯವರಿಗೆಲ್ಲ ನೀವೇ ಸೂಪರ್‌ವೈಸರ್ ಆಗಬಹುದು ಎಂದು ದುಂಬಾಲು ಬಿದ್ದು ಕ್ಲಾಸಿಗೆ ಕಳಿಸಿದವಳು ನಾನೇ ಅಲ್ಲವೇ? ನನಗೆ ಎಬಿಸಿಡಿ ಗೊತ್ತೇ ಹೊರತು ಓದಿದರೆ ಅರ್ಥವಾಗುತ್ತಿರಲಿಲ್ಲ. ಅವತ್ತು ಮನೆಗೆ ಬಂದಿದ್ದ ಅಕ್ಕನ ಮಗಳ ಕೈಲಿ ಓದಿಸಿದೆ. ‘ಶೀ ಗೆಟ್ಸ್ ಅಪ್ ಅಟ್ ಫೈವ್.’ ಅವಳು ಐದು ಗಂಟೆಗೆ ಏಳುತ್ತಾಳೆ. ನಾನೂ ಐದಕ್ಕೇ ಏಳುವವಳು. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ಬಗ್ಗೆ ಏನೋ ಬರೆದಿದ್ದೀರಿ ಎಂದುಕೊಂಡೆ.

ಮುಂದಿನ ವಾಕ್ಯ, ಅವಳು ಸಕ್ಕರೆ ಹಾಕದೆ ಚಹಾ ಕುಡಿಯುತ್ತಾಳೆ. ನಾನು ಎರಡು ಚಮಚ ಹಾಕಿಕೊಳ್ಳುತ್ತೇನೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಎಡ ಮೊಣಕಾಲು ನೋಯುತ್ತದೆ. ಮಲಗುವ ಮುಂಚೆ ಅವಳು ರೇಡಿಯೊ ಕೇಳುತ್ತಾಳೆ. ನಲವತ್ತು ವಾಕ್ಯ, ರೀ! ಇನ್ನೂ ಓದಬೇಕಾ ಎಂದು ಹುಡುಗಿ ಕೇಳಿದಳು. ಸಾಕು ಎಂದೆ. ಆ ಹುಡುಗಿಯ ಜೊತೆಯಲ್ಲೇ ಇಲ್ಲಿಗೆ ಬಸ್ಸು ಹತ್ತಿದೆ.

ಈಗ ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ನಿಮ್ಮ ಮೇಡಂ ಹತ್ತಿರ ನಾನೂ ಸೇರಿದ್ದೇನೆ, ಬೆಳಗಿನ ಕ್ಲಾಸಿಗೆ. ಜಗಳ ತೆಗೆಯಲೆಂದೇ ಮೆಟ್ಟಿಲು ಹತ್ತಿದವಳು ಹೆಸರು ಬರೆಸಿ ಕೆಳಗಿಳಿದೆ. ದಿನವೂ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳುವುದನ್ನು ಅವರು ಪುಸ್ತಕ ನೋಡಿ ಕಲಿಸುವುದಿಲ್ಲ. ಬೆಂಚಿನಲ್ಲಿ ಪಕ್ಕ ಕುಳಿತವರನ್ನು ಕೇಳಿ, ಅವರ ದಿನಚರಿಯನ್ನು ದಿನಕ್ಕೆ ಹತ್ತು ವಾಕ್ಯದಂತೆ ಬರೆಯಬೇಕು. ನಿಮ್ಮ ಪಕ್ಕ ಅವಳು ಕುಳಿತಿದ್ದಳು, ಅಷ್ಟೇ. ನನ್ನ ತಲೆಗೆ ಇದು ಅರ್ಥವಾಯಿತು, ಹೊಟ್ಟೆಗೆ ಆಗಲಿಲ್ಲ. ನಾನು ಎದ್ದರೆ ಬರೀ ಗೆಟ್ ಅಪ್, ಅವಳು ಎದ್ದರೆ ಮಾತ್ರ ಬಾಲಕ್ಕೊಂದು ಎಸ್. ಆ ಎಸ್ ಕಂಡರೂ ಮೈ ಉರಿಯುತ್ತದೆ.

ತಲೆನೋವಿನ ಮಾತ್ರೆಯ ನೆಪದಲ್ಲಿ ಅವಳ ಅಂಗಡಿಗೂ ಹೋಗಿ ಬಂದೆ. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಾನು ಯಾರೆಂದು ತಿಳಿದ ಕೂಡಲೇ ಒಳಗೆ ಕರೆದು ಸ್ಟೂಲು ಕೊಟ್ಟಳು.

“ಯಾವ ಕಾಲು ನೋಯುತ್ತೆ ಅಂತ ಇಷ್ಟು ವರ್ಷ ನನ್ನನ್ನ ಯಾರೂ ಕೇಳಿರ್ಲಿಲ್ಲ ಅಕ್ಕಾ” ಎಂದಳು.

ಅಯ್ಯೋ ಪಾಪ ಅನ್ನಬೇಕಿತ್ತು. ನನಗೆ ಅನ್ನಿಸಿದ್ದು, ನನ್ನನ್ನೂ ಯಾರೂ ಕೇಳಿಲ್ಲವಲ್ಲ ಎಂದು. ಯೂನಿಫಾರಂ ಹೊಲಿಯುವ ಆ ಶೆಡ್ಡಿನಲ್ಲಿ ದಿನಕ್ಕೆ ಇನ್ನೂರು ಅಂಗಿಗೆ ಕಾಜಾ ಹಾಕುತ್ತೇನೆ. ಸಂಜೆಯಾಗುವಷ್ಟರಲ್ಲಿ ಬಲಭುಜ ಎತ್ತಲು ಬರುವುದಿಲ್ಲ. ನಿಮಗೆ ಗೊತ್ತಿತ್ತೇ?

ಆದ್ದರಿಂದ ಕೇಳಿ. ನನ್ನ ಬಗ್ಗೆ ಹತ್ತು ವಾಕ್ಯ ಬರೆದು ಕಳಿಸಿ. ಇಂಗ್ಲಿಷಿನಲ್ಲೇ ಇರಲಿ, ಈಗ ನಾನೇ ಓದಿಕೊಳ್ಳುತ್ತೇನೆ. ಹತ್ತೂ ನಿಜವಿರಬೇಕು. ಯಾರನ್ನೂ ಕೇಳಕೂಡದು, ಅಕ್ಕನನ್ನಂತೂ ಕೇಳಲೇಕೂಡದು. ಒಂದು ತಪ್ಪಿದರೂ ನಾನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಇಂತಿ,
ನಿಮ್ಮ ಮನೆಯವಳು, ಸದ್ಯಕ್ಕೆ ಅಕ್ಕನ ಮನೆಯವಳು

ತಾ.ಕ.: ಕವರು ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿದ್ದೇನೆ. ಇವತ್ತು ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು ಬಂದಿರಲಿಲ್ಲ, ನಿನ್ನ ಗಂಡನ ಬಗ್ಗೆಯೇ ಬರಿ ಎಂದರು ಮೇಡಂ. ನಾಲ್ಕು ವಾಕ್ಯ ಬರೆದೆ. ಐದನೆಯದಕ್ಕೆ ಪೆನ್ನು ನಿಂತುಬಿಟ್ಟಿತು. ಮಧ್ಯಾಹ್ನ ಯಾರ ಜೊತೆ ಊಟ ಮಾಡುತ್ತೀರಿ, ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವಾಗ ನಿಮಗೆ ಭಯವಾಗುತ್ತದೆಯೇ, ಒಂದೂ ನನಗೆ ಗೊತ್ತಿಲ್ಲ. ಔಷಧಿ ಅಂಗಡಿಯವಳ ಪುಸ್ತಕದಲ್ಲಿ ನಿಮ್ಮ ಬಗ್ಗೆ ನಲವತ್ತು ವಾಕ್ಯ ಇವೆಯಂತೆ. ಅವತ್ತು ಅಂಗಡಿಯಲ್ಲಿ, ಬೇಕಾದರೆ ನೋಡಿಕೊಳ್ಳಿ ಅಕ್ಕಾ ಎಂದು ಕೊಡಲು ಬಂದಿದ್ದಳು. ನಾನು ಮುಟ್ಟಲಿಲ್ಲ. ನೀವು ಏನೂ ಬರೆಯುವುದು ಬೇಡ. ಭಾನುವಾರ ನಾನೇ ಬರುತ್ತೇನೆ. ಮೊದಲು ನಾನು ಕೇಳುತ್ತೇನೆ.