ಬಿರುಕು ಬಿಟ್ಟ ಇಂಜಿನ್ನಿಗೆ ಹೊಸ ಎಣ್ಣೆ

ವಿದ್ಯಾರ್ಥಿನಿಯರ ಹಾಸ್ಟೆಲ್, ತುರ್ಕು, ಫಿನ್ಲೆಂಡ್
ಗುರುವಾರ, 21 ನವೆಂಬರ್ 1985

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ವಿಟ್ಬಿಯಲ್ಲಿ ಚಿಕ್ಕಮ್ಮನ ಮನೆಗೆ ಹತ್ತುವ ಆ ಕಲ್ಲುಮೆಟ್ಟಿಲುಗಳನ್ನು ನೆನೆದಾಗಲೆಲ್ಲ ನನಗೆ ನಿನ್ನ ಮಂಡಿಯದೇ ಯೋಚನೆ. ಬ್ರೆಡ್ಡು, ಹಾಲು ತರಲು ದಿನಕ್ಕೆರಡು ಸಲ ಇಳಿಯಬೇಡ, ಒಂದೇ ಸಲಕ್ಕೆ ತಂದಿಟ್ಟುಕೋ. ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ, ನಿಜವಾಗಿ. ಹದಿಮೂರಕ್ಕೇ ಹಾಸ್ಟೆಲ್ ಸೇರಿದವಳಿಗೆ ಹಾಸ್ಟೆಲ್ ಏನು ಹೊಸದು ಎಂದು ನೀನು ಬರೆದಿದ್ದೆ. ಹೊಸದಲ್ಲ, ಆದರೂ ಇಲ್ಲಿ ಎಲ್ಲರೂ ನನಗಿಂತ ಬುದ್ಧಿವಂತರ ಹಾಗೆ ಕಾಣುತ್ತಾರೆ. ಹಳೆಯ ಚಾಳಿ ಬಿಟ್ಟಿಲ್ಲ: ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸ್ ಬಂದು ನೋಡುತ್ತೇನೆ. ರೂಮಿನ ಹುಡುಗಿ ನಗುತ್ತಾಳೆ, "ಇಂಗ್ಲಿಷ್ ರಕ್ತ ಕಣೇ, ಅದಕ್ಕೇ ಇಷ್ಟು ಹೆದರಿಕೆ" ಎನ್ನುತ್ತಾಳೆ. ನಿನಗೆ ಯಾವುದಕ್ಕೂ ಹೆದರಿಕೆಯಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಡಿಸೆಂಬರ್ ಹನ್ನೆರಡಕ್ಕೆ ಮೊದಲ ಪರೀಕ್ಷೆ, ಕೆಮಿಸ್ಟ್ರಿ.

ಈಗ ಸುದ್ದಿ. ಅಪ್ಪ ಚೆನ್ನಾಗಿದ್ದಾನೆ, ಮೊದಲು ಅದನ್ನು ತಿಳಿದುಕೋ. ದೋಣಿಯ ಇಂಜಿನ್ ಹೋಯಿತು. ನನ್ನ ಕೈಯಿಂದಲೇ ಹೋಯಿತು.

ನಾಲ್ಕೇ ಮನೆಯ ನಮ್ಮ ದ್ವೀಪದಲ್ಲಿ ಅಕ್ಟೋಬರ್ ಮಧ್ಯಕ್ಕೆ ದೋಣಿಗಳೆಲ್ಲ ದಡಕ್ಕೆ ಬಂದುಬಿಡುವುದು ನಿನಗೆ ಗೊತ್ತು. ಈ ವರ್ಷ ನವೆಂಬರ್ ಬಂದರೂ ನಮ್ಮದು ಮಾತ್ರ ನೀರಿನಲ್ಲೇ ಇತ್ತು. ಅದರ ಜೊತೆಗೆ ಪಕ್ಕದ ಮನೆಯ ಆಲ್ಗೋಟ್ ಅಜ್ಜನದು, ಏಕೆಂದರೆ ಎಲ್ಲರ ದೋಣಿಯನ್ನೂ ತನ್ನ ಟ್ರ್ಯಾಕ್ಟರಿನಿಂದ ಎಳೆದು ಮುಗಿಸುವವರೆಗೆ ಅವನು ತನ್ನದನ್ನು ಮುಟ್ಟುವುದಿಲ್ಲ. ದಿನಾ ಬಂದು ಅಪ್ಪನನ್ನು ಕೆಣಕುತ್ತಿದ್ದನಂತೆ: "ಎಸ್ಕಿಲ್, ಕರಡಿಗಳೆಲ್ಲ ಮಲಗಿದ್ವು, ನಿನ್ನ ದೋಣಿಗಿನ್ನೂ ನಿದ್ದೆ ಬರ್ಲಿಲ್ವಾ?" ಅಪ್ಪ, "ಅದಕ್ಕೆ ವಯಸ್ಸಾಗಿದೆ, ನಿದ್ದೆ ಕಮ್ಮಿ" ಅಂದರೆ, "ದೋಣಿಗೋ, ನಿಂಗೋ?" ಎಂದು ಕೇಳಿ, ನಮ್ಮ ಕಾಫಿ ಕುಡಿದು ಹೋಗುತ್ತಿದ್ದನಂತೆ. ಅಪ್ಪ ಕಾಯುತ್ತಿದ್ದುದು ನಿನಗಾಗಿ, ಅಮ್ಮಾ. ಮಂಜುಗಡ್ಡೆ ಕಟ್ಟುವ ಮುಂಚೆ ನೀನು ಒಮ್ಮೆ ಬರುತ್ತೀಯ ಎಂದು ಅವನು ನಂಬಿದ್ದ. ಓದಿ ನಿನಗೆ ಆಶ್ಚರ್ಯವಾಗಬಹುದು. ಸ್ವಲ್ಪ ತಾಳು, ಅದನ್ನೂ ಬರೆಯುತ್ತೇನೆ.

ಹಡಗು ನಿಲ್ಲುವ ದೊಡ್ಡ ಧಕ್ಕೆಯಿಂದ ನಮ್ಮಲ್ಲಿಗೆ ಬರಬೇಕಾದರೆ ಯಾರಾದರೂ ದೋಣಿ ತೆಗೆದುಕೊಂಡು ಹೋಗಿ ಕರೆತರಬೇಕಲ್ಲ. ಬೆಳಿಗ್ಗೆ ನಿನ್ನ ಫೋನ್ ಬಂದರೆ ಆ ಕೂಡಲೇ ಹೊರಡಬೇಕು ಎಂಬುದು ಅವನ ಲೆಕ್ಕಾಚಾರ. ಅದಕ್ಕಾಗಿ ಚಳಿ ಬಿದ್ದ ಪ್ರತಿ ಸಂಜೆ ಇಂಜಿನ್ನಿನ ಹೊಟ್ಟೆಯೊಳಗಿನ, ಅದನ್ನು ತಣ್ಣಗಿಡುವ ಸಮುದ್ರದ ನೀರನ್ನೆಲ್ಲ ನಲ್ಲಿ ತಿರುಗಿಸಿ ಹೊರಗೆ ಬಿಡುವುದು, ಬೆಳಿಗ್ಗೆ ನಲ್ಲಿ ಮುಚ್ಚಿ ಮತ್ತೆ ನೀರು ತುಂಬುವುದು. ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ಅವನು ಮೂರು ವಾರ ದಿನಾ ಮಾಡಿದ್ದಾನೆ. ಯಾಕಪ್ಪಾ ಇಷ್ಟು ಕಷ್ಟ, ದಡಕ್ಕೆ ಎಳೆಸಿಬಿಡು ಎಂದು ಕಳೆದ ಶನಿವಾರ ಮನೆಗೆ ಹೋಗಿದ್ದಾಗ ನಾನೇ ಕೇಳಿದೆ. ಅವನು ಬಲೆ ಮಡಚುತ್ತಿದ್ದವನು ತಲೆ ಎತ್ತಲಿಲ್ಲ. "ಆವತ್ತು ಅವಳಿಗೆ ದೋಣಿ ಇರ್ಲಿಲ್ಲ" ಅಂದ. ಎರಡು ವರ್ಷದ ಹಿಂದೆ ಇಂಜಿನ್ನಿನ ಮೇಲಿನ ಕಾಳಜಿಯಿಂದ ಅಕ್ಟೋಬರ್ ಮೊದಲ ವಾರದಲ್ಲೇ ದೋಣಿ ಎಳೆಸಿದ್ದನಲ್ಲ, ಆ ಡಿಸೆಂಬರಿನ ಮಾತು. ಅಲ್ಲಿ ಇಂಗ್ಲೆಂಡಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಇಲ್ಲಿ ಮಂಜುಗಡ್ಡೆ ದೋಣಿಗೆ ದಾರಿ ಬಿಡುತ್ತಿರಲಿಲ್ಲ, ನಡೆಯುವವರ ಭಾರವನ್ನೂ ಹೊರುತ್ತಿರಲಿಲ್ಲ. ನೀನು ಹನ್ನೊಂದು ದಿನ ಕಿಟಕಿಯ ಹತ್ತಿರ ಕೋಟು ಹಾಕಿಕೊಂಡೇ ಕೂತಿದ್ದೆ ಎಂದು ಆಮೇಲೆ ಆಲ್ಗೋಟ್ ಅಜ್ಜ ನನಗೆ ಹೇಳಿದ. ಅಜ್ಜಿಯ ಮಣ್ಣಿಗೂ ನೀನು ಹೋಗಲಾಗಲಿಲ್ಲ. ಅದರ ಬಗ್ಗೆ ಅಪ್ಪ ಮಾತೆತ್ತಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಶನಿವಾರ ಸಂಜೆ ಬಲೆಯ ಮೂಟೆ ಎತ್ತಲು ಹೋಗಿ ಅವನ ಸೊಂಟ ಹಿಡಿದುಕೊಂಡಿತು. ಅಡಿಗೆಮನೆಯ ಬೆಂಚಿನ ಮೇಲೆ ಮಲಗಿದವನಿಗೆ ಏಳಲಾಗಲಿಲ್ಲ. ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು, ಗಾಳಿ ನಿಂತಿತ್ತು. ಅವನು ನನ್ನನ್ನು ಕಳಿಸಿದ. ಕೆಳಗಿನ ನಲ್ಲಿ ತಿರುಗಿಸಬೇಕು, ನೀರೆಲ್ಲ ಹೋದ ಮೇಲೆ ಬರಬೇಕು, ಅಷ್ಟೇ. ಹೋದೆ, ತಿರುಗಿಸಿದೆ. ಎರಡು ಹನಿ ಬಿತ್ತು, ಮತ್ತೇನೂ ಬರಲಿಲ್ಲ. ಮಧ್ಯಾಹ್ನವೇ ಅಪ್ಪ ಖಾಲಿ ಮಾಡಿರಬೇಕು ಅಂದುಕೊಂಡೆ. ಬೆರಳು ಮರಗಟ್ಟಿತ್ತು, ಒಳಗೆ ಮೀನಿನ ಸಾರು ಕುದಿಯುತ್ತಿತ್ತು, ಓಡಿ ಬಂದುಬಿಟ್ಟೆ. ಒಲೆ ಆರಿಸಿದ್ದನ್ನು ಮೂರು ಸಲ ನೋಡುವ ನಾನು ಇದನ್ನು ಇನ್ನೊಮ್ಮೆ ನೋಡಲಿಲ್ಲ. ಇಂಜಿನ್ ಪೆಟ್ಟಿಗೆಯ ಪಕ್ಕದ ಮೊಳೆಗೆ ಒಂದು ಗಟ್ಟಿ ತಂತಿ ನೇತುಹಾಕಿದೆಯಲ್ಲ, ಅದು ಕಣ್ಣಿಗೆ ಬಿತ್ತು ಕೂಡ. ಅದು ಯಾಕೆ ಎಂದು ನಿನಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ದೋಣಿ ಎಳೆಯುವ ದಿನಗಳಲ್ಲಿ ನಾನು ಯಾವಾಗಲೂ ಹಾಸ್ಟೆಲಿನಲ್ಲಿರುತ್ತಿದ್ದೆ. ಆ ಕೆಲಸಕ್ಕೆ ಅವನ ಜೊತೆ ಇರುತ್ತಿದ್ದವಳು ನೀನು.

ಬೆಳಿಗ್ಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ. ಕೊಲ್ಲಿಯ ಮೇಲೆ ಹಾಲಿನ ಕೆನೆಯಂಥ ತೆಳುವಾದ ಮಂಜುಗಡ್ಡೆ. ಅಪ್ಪ ನನ್ನ ಹೆಗಲು ಹಿಡಿದುಕೊಂಡು ಕುಂಟುತ್ತಾ ಬಂದ. ತೆರೆದ ನಲ್ಲಿಯ ಕೆಳಗೆ ಒಣಗಿರುವುದನ್ನು ಕಂಡು, ತಂತಿ ತೆಗೆದು ತೂತಿಗೆ ಚುಚ್ಚಿದ. ಅದು ಗಟಕ್ಕೆಂದು ನಿಂತಿತು. ತುಕ್ಕಿನ ಚಕ್ಕೆ ಬಂದು ನಲ್ಲಿಯ ಬಾಯಿಗೆ ಕೂತಿತ್ತು, ಹಿಂದಿನ ನೀರೆಲ್ಲ ಹಾಗೇ ಒಳಗಿತ್ತು, ರಾತ್ರಿ ಕಲ್ಲಾಗಿತ್ತು. ಇಂಜಿನ್ನಿನ ಬಲಗಡೆ, ಹಸಿರು ಬಣ್ಣದ ಮೇಲೆ, ಕೂದಲಿನಷ್ಟು ಸಣ್ಣ ಗೆರೆಯೊಂದು ಕೆಳಗಿನಿಂದ ಮೇಲಕ್ಕೆ ಹೋಗಿತ್ತು. ಅದರುದ್ದಕ್ಕೂ ಅಪ್ಪ ಹೆಬ್ಬೆರಳು ಎಳೆದ. "ತಂತಿ ಹಾಕಿದ್ಯಾ?" ಅಂದ. ಯಾವ ತಂತಿ ಅಂದೆ. ಅವನು ಪೆಟ್ಟಿಗೆಯ ಅಂಚಿಗೆ ಕೂತ. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. "ನಾನು ಹೇಳ್ಕೊಡ್ಬೇಕಾಗಿತ್ತು, ಪುಟ್ಟಿ" ಅಂದ, ಅಷ್ಟೇ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ ಎಂದು ಅಕ್ಟೋಬರ್ ಟೆಸ್ಟಿನಲ್ಲಿ ಚಿತ್ರ ಸಮೇತ ಬರೆದವಳು ನಾನು. ಪೂರ್ತಿ ಅಂಕ ಬಂದಿತ್ತು, ಅಮ್ಮಾ.

ಆಲ್ಗೋಟ್ ಅಜ್ಜ ಬಂದು ಬಗ್ಗಿ ನೋಡಿದ. ಒಂದು ಚುಚ್ಚುಮಾತೂ ಆಡಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಬೀಡುಕಬ್ಬಿಣಕ್ಕೆ ಬೆಸುಗೆ ಹಾಕಿದರೂ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಹೇಳಿದ. ತನ್ನ ದೋಣಿಗೆ ಹಗ್ಗ ಕಟ್ಟಿ ನಮ್ಮದನ್ನು ಎಳೆದು ತಂದ, ಟ್ರ್ಯಾಕ್ಟರಿನಿಂದ ದಡಕ್ಕೇರಿಸಿದ. ಇನ್ನು ಮೇಲೆ ಟಾರ್ಪಾಲು ಹೊದಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅಪ್ಪ ಮನೆಗೆ ಹೋದವನು ಹೊಸ ಎಣ್ಣೆಯ ಡಬ್ಬ, ಸ್ಪ್ಯಾನರ್‌ಗಳ ಬುಟ್ಟಿ ಹಿಡಿದುಕೊಂಡು ಬಂದ. ಆಲ್ಗೋಟ್ ಅಜ್ಜನಿಗೆ ತಡೆಯಲಾಗಲಿಲ್ಲ, "ಹೆಣಕ್ಕೆ ಸ್ನಾನ ಮಾಡಿಸ್ತೀಯೇನೋ, ಎಸ್ಕಿಲ್?" ಅಂದ. ಅಪ್ಪ ಅಂಗಿಯ ತೋಳು ಮಡಚುತ್ತಾ ಹೇಳಿದ ಮಾತು ನನಗೆ ಇಲ್ಲಿ ಲ್ಯಾಬಿನಲ್ಲಿ ನಿಂತಿರುವಾಗಲೂ ಕೇಳಿಸುತ್ತದೆ: "ಬಿರುಕು ಬಿಟ್ಟಿರೋದು ಒಂದ್ಕಡೆ. ಉಳಿದಿದ್ದಕ್ಕೂ ಯಾಕೆ ತುಕ್ಕು ಹಿಡಿಸ್ಬೇಕು?"

ಹಾಗಾಗಿ ಎಲ್ಲವನ್ನೂ ಮಾಡಿದೆವು, ಒಂದನ್ನೂ ಬಿಡದೆ. ಬಕೆಟ್ಟನ್ನು ಬೋರಲು ಹಾಕಿ ನನ್ನನ್ನು ಎಡಗಡೆ ಕೂರಿಸಿದ. "ನಿಮ್ಮಮ್ಮನ ಜಾಗ ಅದು. ತಲೆ ಬಡಿಯುತ್ತೆ, ನೋಡ್ಕೋ" ಅಂದ. ಎರಡು ಸಲ ಬಡಿಯಿತು. ಇಂಜಿನ್ ಬಿಸಿ ಮಾಡುವಂತಿರಲಿಲ್ಲವಲ್ಲ, ಹಳೆಯ ಎಣ್ಣೆ ಕಾಕಂಬಿಯ ಹಾಗೆ ಗಟ್ಟಿಯಾಗಿ ಇಳಿಯಲೊಲ್ಲದು. ಅದು ಇಳಿಯುವವರೆಗೆ ಇಬ್ಬರೂ ಕಾದು ಕೂತೆವು. ಆಮೇಲೆ ಹೊಸ ಎಣ್ಣೆ ತುಂಬಿದ. ಮೂರು ಸಿಲಿಂಡರಿಗೂ ಎರಡೆರಡು ಚಮಚ ಎಣ್ಣೆ ಬಿಟ್ಟು, ಎಲ್ಲ ಕಡೆ ಹರಡಲಿ ಎಂದು ನನ್ನ ಕೈಯಲ್ಲಿ ಹಿಡಿಕೆ ಕೊಟ್ಟು ತಿರುಗಿಸಲು ಹೇಳಿದ. ನಾನು ಹೆದರಿ ಹೆದರಿ ತಿರುಗಿಸಿದರೆ, "ಇನ್ನು ಅದಕ್ಕೇನೂ ನೋವಾಗಲ್ಲ, ನಿನ್ನ ಮಣಿಕಟ್ಟು ನೋಡ್ಕೋ" ಅಂದ. ಪಂಪಿನ ರಬ್ಬರ್ ಚಕ್ರ ಬಿಚ್ಚಿ ಒರೆಸಿ ಜೇಬಿಗಿಟ್ಟುಕೊಂಡ. ಬೆಲ್ಟ್ ಸಡಿಲಿಸಿದ. ಇಲಿ ಗೂಡು ಕಟ್ಟಬಾರದೆಂದು ಹೊಗೆಕೊಳವೆಗೆ ಎಣ್ಣೆಬಟ್ಟೆ ತುರುಕಿದ. ಒಂದೊಂದನ್ನೂ ಯಾಕೆ ಮಾಡುವುದು ಎಂದು ಬಾಯಿಬಿಟ್ಟು ಹೇಳುತ್ತಿದ್ದ, ಇಡೀ ವರ್ಷದಲ್ಲಿ ಅವನು ಅಷ್ಟು ಮಾತಾಡಿರಲಿಲ್ಲ. ಕೊನೆಗೆ ತಂತಿಯಿಂದ ಆ ನಲ್ಲಿಯನ್ನು ನನ್ನ ಕೈಯಿಂದಲೇ ಬಿಡಿಸಿದ. ಕೆಟಲಿನಿಂದ ಬಿಸಿನೀರು ಸುರಿದು ಸುರಿದು ಒಳಗಿನದು ಕರಗಿತ್ತು. ತುಕ್ಕಿನ ಬಣ್ಣದ ನೀರು ಬಹಳ ಹೊತ್ತು ಸುರಿಯಿತು. ಅದು ನಿಲ್ಲುವವರೆಗೂ ಅಪ್ಪ ಆ ಕಡೆ ಮುಖ ಮಾಡಿ ಸಮುದ್ರ ನೋಡುತ್ತಾ ನಿಂತಿದ್ದ. ನಾನು ತಂತಿಯನ್ನು ಒರೆಸಿ ಮೊಳೆಗೆ ನೇತುಹಾಕಿದೆ.

ಸೋಮವಾರ ಆಲ್ಗೋಟ್ ಅಜ್ಜನೇ ನನ್ನನ್ನು ದೊಡ್ಡ ಧಕ್ಕೆಗೆ ಬಿಟ್ಟ. ಅವನಿಗೆ ಕಣ್ಣು ಸರಿಯಿಲ್ಲ, ಈ ಚಳಿಗಾಲ ಮಗಳ ಮನೆಯಲ್ಲಿರುತ್ತಾನಂತೆ, ದೋಣಿಯನ್ನು ಅಲ್ಲೇ ಷೆಡ್ಡಿಗೆ ಹಾಕಿಸಿದ. ಉಳಿದೆರಡು ಮನೆಯವರು ಸೆಪ್ಟೆಂಬರಿನಲ್ಲೇ ಊರಿಗೆ ಹೋಗಿದ್ದಾರೆ. ಹಾಗಾಗಿ ದ್ವೀಪದಲ್ಲಿ ಈಗ ಅಪ್ಪ ಒಬ್ಬನೇ. ನಾನು ಹೊರಡುವಾಗ ಅಪ್ಪ ಹೇಳಿದ: ಮುಂದಿನ ಭಾನುವಾರವಲ್ಲ, ಅದರ ಮುಂದಿನದು, ಡಿಸೆಂಬರ್ ಒಂದು, ಅಡ್ವೆಂಟ್ ಭಾನುವಾರ, ನಿನಗೆ ಫೋನ್ ಮಾಡುತ್ತಾನಂತೆ. ದೋಣಿಯಿಲ್ಲ, ಈಗ ಹೊರಟು ಬಂದು ಧಕ್ಕೆಯಲ್ಲಿ ಚಳಿಯಲ್ಲಿ ನಿಲ್ಲಬೇಡ ಎಂದು ನಿನಗೆ ತಿಳಿಸಬೇಕಂತೆ. ಹೇಗೆ ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದ, ಅವನ ಇಂಗ್ಲಿಷ್ ನಿನಗೆ ಗೊತ್ತಲ್ಲ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಆ ಮುದಿ ನಾಯಿಯ ಕಿವಿ ಸವರು. ಬೆಚ್ಚಗಿರು, ಮಂಡಿಗೆ ಉಣ್ಣೆಪಟ್ಟಿ ಕಟ್ಟಿಕೋ. ನನ್ನ ಪರೀಕ್ಷೆಗೆ ನಿನ್ನ ಹಾರೈಕೆ ಇರಲಿ.

ನಿನ್ನ ಮಗಳು
ರೂನಾ

ತಾ.ಕ.: ಟಪಾಲು ಡಬ್ಬ ತೆರೆಯಲು ಹತ್ತೇ ನಿಮಿಷವಿದೆ, ಅದಕ್ಕೆ ಬೇಗ ಬರೆಯುತ್ತೇನೆ. ನೀನು ಬರುತ್ತೀಯ ಎಂದು ಅಪ್ಪನಿಗೆ ಹೇಳಿದವಳು ನಾನು. ನೀನು ಹಾಗೆ ಬರೆದೇ ಇರಲಿಲ್ಲ. ಆಗಸ್ಟಿನಲ್ಲಿ, ನಾನು ತುರ್ಕುವಿಗೆ ಹೊರಡುವ ಹಿಂದಿನ ಸಂಜೆ, ಅವನು ಮೀನು ಹುರಿದು ತಟ್ಟೆಗೆ ಹಾಕಿಕೊಂಡು, ಮುಟ್ಟದೆ ಕಿಟಕಿಗೆ ಹೋಗಿ ನಿಂತಿದ್ದ. ನೀನು ವಿಟ್ಬಿಗೆ ಹೋದಾಗಿನಿಂದ ಹಾಗೇ ಇದ್ದ. ನನ್ನ ಬಾಯಿಂದ ಬಂದುಬಿಟ್ಟಿತು, ಅಮ್ಮ ಮಂಜುಗಡ್ಡೆ ಕಟ್ಟೋಕೆ ಮುಂಚೆ ಒಂದ್ಸಲ ಬರ್ತಾಳಂತೆ ಎಂದು. ಅವನು ಬಂದು ಕೂತು, ಆರಿದ ಮೀನನ್ನು ಮುಳ್ಳಿನ ಸಮೇತ ತಿಂದ. ಮರುದಿನ ಸುಳ್ಳೆಂದು ಹೇಳಲು ಧೈರ್ಯ ಬರಲಿಲ್ಲ, ಆಮೇಲೆ ಅವನು ದೋಣಿ ಎಳೆಯದೆ ಕೂತದ್ದು ತಿಳಿದಾಗ ಇನ್ನೂ ಬರಲಿಲ್ಲ. ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ, ಅಮ್ಮಾ. ಅದು ನಿನಗೂ ಅವನಿಗೂ ಬಿಟ್ಟದ್ದು. ಅವನು ಫೋನ್ ಮಾಡಿದಾಗ, ಬರ್ತೀನಿ ಅಂತ ನಾನ್ಯಾವಾಗ ಅಂದೆ ಎಂದು ಮಾತ್ರ ಕೇಳಬೇಡ. ಈ ಸಲ ಆಗಲಿಲ್ಲ, ಎಸ್ಕಿಲ್ ಎನ್ನು, ಅಷ್ಟು ಸಾಕು. ನಾನು ಹೇಳಿದ್ದು ಸುಳ್ಳೆಂದು ನಿನ್ನ ಬಾಯಿಂದ ಗೊತ್ತಾದರೆ ಮುಂದಿನ ಐದಾರು ವಾರ ಅವನು ಅದರ ಜೊತೆ ಒಬ್ಬನೇ ಇರಬೇಕು, ಯಾರೂ ಹೋಗಿ ತಲುಪುವ ಹಾಗಿಲ್ಲ. ಮಂಜುಗಡ್ಡೆ ನನ್ನ ಭಾರ ಹೊರುವಷ್ಟು ಗಟ್ಟಿಯಾದ ದಿನ ನಾನೇ ನಡೆದು ಹೋಗಿ, ಎದುರಿಗೆ ಕೂತು ಹೇಳುತ್ತೇನೆ.