ಪೀಪಾಯಿ ಬಡಿದ ಊಟ

ಶೋಮ್ಲೋ ಗುಡ್ಡ
ಸೆಪ್ಟೆಂಬರ್ ೧೨

ಕಾಲು ಮುರಿದುಕೊಂಡು ಕೂತಿರುವ ನನ್ನ ತಂಗಿ ಪಿರೋಶ್ಕಾಗೆ, ಅಕ್ಕನ ಮುತ್ತು.

ನಿನ್ನ ಮಗಳು ಎಮೆಶೆಯನ್ನು ಕೆಲೆಮೆನ್ ಮನೆತನಕ್ಕೆ ಕೊಡಬಹುದೋ ಬಾರದೋ, ನೋಡಿ ಬಂದು ಒಂದು ಮಾತು ಹೇಳು ಅಂದಿದ್ದೆ ನೀನು. ನೋಡಿ ಬಂದೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುವುದೆಂದರೆ ಒಲೆ ನೋಡಬೇಕು, ಹಾಸಿಗೆ ನೋಡಬೇಕು, ಹಿತ್ತಲು ನೋಡಬೇಕು. ಹುಡುಗನ ಅಪ್ಪ ಗುಸ್ತಾವ್ ಮನೆಯ ಬಾಗಿಲು ಹಾಕಿ ನನ್ನನ್ನು ತನ್ನ ಹೋಟೆಲಿಗೆ ಕರೆದುಕೊಂಡು ಹೋದ. "ಇದೇ ನಮ್ಮನೆ ಅಂದ್ಕೊಳ್ಳಿ ಬೋರಿ ಅಮ್ಮ" ಅಂದ. ಅಲ್ಲೇ ನನ್ನ ಮೂಗಿಗೆ ಅನುಮಾನದ ವಾಸನೆ ಬಡಿಯಿತು.

ಹೋಟೆಲು ಇರುವುದು ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ. ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಪೀಪಾಯಿ, ಅದರ ಮೇಲೆಲ್ಲ ಮೇಣದಬತ್ತಿ, ಸತ್ತವರ ಮನೆಯ ಹಾಗೆ. ಮೊದಲು ಕಪ್ಪು ಕಲ್ಲಿನ ಹಲಗೆಯ ಮೇಲೆ ಹಂದಿಕೊಬ್ಬು ಸವರಿದ ಬ್ರೆಡ್ಡು ಬಂತು. ನಾವು ತೋಟ ಅಗೆಯಲು ಹೋಗುವಾಗ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದೆವಲ್ಲ, ಅದೇ. ತಂದ ಹುಡುಗಿ "ಇದು ನಮ್ಮ ಅಜ್ಜಿಯಂದಿರ ನೆನಪು" ಅಂತ ಪಾಠ ಒಪ್ಪಿಸಿದಳು. "ಸತ್ತಿಲ್ಲ ಕಣೇ, ಇಲ್ಲೇ ಕೂತಿದೀನಿ. ಹೋಗಿ ಒಂದು ತಟ್ಟೆ ತಗೊಂಡ್ಬಾ" ಅಂದೆ. ಆಮೇಲೆ ಹುಂಜದ ಸಾರು. ಮಗುವಿಗೆ ಸ್ನಾನ ಮಾಡಿಸುವಷ್ಟು ದೊಡ್ಡ ತಟ್ಟೆ, ನಡುವೆ ಬೆಕ್ಕು ಕಕ್ಕಿದಷ್ಟು ಸಾರು. ನಾವು ಮನೆಯಲ್ಲಿ ಕುಡಿಯುವ ಹಾಗೆ ವೈನಿಗೆ ಬೆರೆಸಲು ಸೋಡಾ ಕೇಳಿದೆ. ಚರ್ಚಿನೊಳಗೆ ಉಗುಳಿದವಳನ್ನು ನೋಡುವ ಹಾಗೆ ನೋಡಿದರು.

ಗುಸ್ತಾವ್ ತಿನ್ನುವುದಕ್ಕಿಂತ ಮಾತಾಡಿದ್ದೇ ಹೆಚ್ಚು. ಈ ಪೀಪಾಯಿ ತಾತನದು, ಆ ಪೀಪಾಯಿ ಮುತ್ತಾತನದು, ಒಂದೊಂದರಲ್ಲೂ ಈ ಗುಡ್ಡದ ಪ್ರಾಣ ಇದೆ. ಪಕ್ಕದ ಮೇಜಿನ ಜರ್ಮನ್ನರು ತಲೆ ಆಡಿಸಿದ್ದೇ ಆಡಿಸಿದ್ದು. ಕೊನೆಗೆ ಮೆಲ್ಲಗೆ ನನ್ನ ಕಡೆ ಬಗ್ಗಿ, "ಹುಡುಗಿ ಜೊತೆ ಗುಡ್ಡದ ಮೇಲಿನ ನಿಮ್ಮ ದ್ರಾಕ್ಷಿ ತೋಟಾನೂ ಬಂದ್ರೆ ಚೆನ್ನಾಗಿರತ್ತೆ, ಅಲ್ವಾ?" ಅಂದ. ಇಷ್ಟು ವೈನು ಮಾರುವವನಿಗೆ ನಮ್ಮ ಮುದಿ ಬಳ್ಳಿಗಳು ಯಾಕೆ ಬೇಕು? ಮೂಸಿ ನೋಡಿದೆ. ಮೇಣ ನಾರಿತು, ಹುರಿದ ಈರುಳ್ಳಿ ನಾರಿತು. ದ್ರಾಕ್ಷಿಯ ವಾಸನೆ ಮಾತ್ರ ಇಲ್ಲ.

ಎದ್ದು ಹೋಗಿ ಮುತ್ತಾತನ ಪೀಪಾಯಿಯನ್ನು ಬೆರಳ ಗೆಣ್ಣಿನಿಂದ ಬಡಿದೆ.

ಗೊತ್ತು, ಬೈಯಬೇಡ. ಇನ್ನೊಬ್ಬರ ಪೀಪಾಯಿ ಬಡಿಯುವುದೆಂದರೆ ಅವರ ಹಿಟ್ಟಿನ ಡಬ್ಬದೊಳಗೆ ಇಣುಕಿದ ಹಾಗೆ. ಹಾಗೆ ಬಡಿದವರನ್ನು ನಮ್ಮ ಅಪ್ಪ ಈ ಗುಡ್ಡದ ಪದ್ಧತಿಯಂತೆ ಅದೇ ಪೀಪಾಯಿಯ ಮೇಲೆ ಬೋರಲು ಮಲಗಿಸಿ ಮರದ ಸುತ್ತಿಗೆಯಿಂದ ಅಂಡಿಗೆ ಬಾರಿಸುತ್ತಿದ್ದದ್ದು ನನಗೂ ನೆನಪಿದೆ. ಆದರೂ ಬಡಿದೆ. ತಮಟೆಯ ಹಾಗೆ ಸದ್ದು ಬಂತು. ಪಕ್ಕದ್ದನ್ನು ಬಡಿದೆ, ಅದೂ ತಮಟೆ. ಸಾಲಿಗೆ ಸಾಲೇ ಬರಿದು.

ಊಟ ಮಾಡುತ್ತಿದ್ದವರೆಲ್ಲ ಚಮಚ ಕೆಳಗಿಟ್ಟರು. ಗುಸ್ತಾವ್ ನಕ್ಕು ಮುಚ್ಚಲು ನೋಡಿದ. "ಅಮ್ಮನವರು ತಪ್ಪು ಮಾಡಿದ್ರು, ಶಿಕ್ಷೆ ಆಗ್ಲೇಬೇಕು, ಸುತ್ತಿಗೆ ತನ್ರೋ" ಅಂದ. ಜರ್ಮನ್ನರು ಫೋನು ಎತ್ತಿ ಹಿಡಿದರು.

ಸುತ್ತಿಗೆ ತಂದವನು ಅವನ ಮಗ ಬೆನೆದೆಕ್, ನಮ್ಮ ಎಮೆಶೆಯನ್ನು ಕೇಳಿದ ಹುಡುಗ. ನಮಗೆ ಸಾರು, ವೈನು ಬಡಿಸಿದವನೂ ಅವನೇ. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ತಾನೇ ಹೋಗಿ ಪೀಪಾಯಿಯ ಮೇಲೆ ಬೋರಲು ಮಲಗಿದ. "ಏಟು ತಿನ್ಬೇಕಾದೋರು ನಾವು ಅಪ್ಪ. ನಮ್ಮದು ಅಂತ ಮಾರೋ ವೈನು ಬರೋದು ಲಾರೀಲಿ, ಎಲ್ಲಿಂದ ಅಂತ ನಂಗೂ ಹೇಳಿಲ್ಲ ನೀನು. ಹೊಡೀರಿ ದೊಡ್ಡಮ್ಮ."

"ಏಳೋ ಕತ್ತೆ, ಗಿರಾಕಿಗಳಿದಾರೆ" ಅಂತ ಗುಸ್ತಾವ್ ಹಲ್ಲು ಕಡಿದ.

"ಅವರಿಗೂ ಕೇಳ್ಲಿ."

ನನ್ನ ಸ್ವಭಾವ ನಿನಗೆ ಗೊತ್ತು. ಸುತ್ತಿಗೆ ಕೈಗೆ ಕೊಟ್ಟ ಮೇಲೆ ಸುಮ್ಮನೆ ನಿಲ್ಲುವವಳಲ್ಲ. ಚೆನ್ನಾಗಿಯೇ ಹೊಡೆದೆ. ಹುಡುಗ ಹಲ್ಲು ಕಚ್ಚಿಕೊಂಡ, ಎದ್ದು ನನ್ನ ಕೈಗೆ ಮುತ್ತಿಟ್ಟು ತಟ್ಟೆ ಎತ್ತಲು ಹೋದ. ಗುಸ್ತಾವ್ ನನ್ನನ್ನು ಬಾಗಿಲವರೆಗೂ ಬಿಡಲು ಬರಲಿಲ್ಲ. ಬಂದಿದ್ದರೆ ಅವನಿಗೂ ಒಂದು ಬೀಳುತ್ತಿತ್ತು.

ಈಗ ನನ್ನ ಮಾತು ಕೇಳು. ಆ ಮನೆಗೆ ಹೆಣ್ಣು ಕೊಡಬೇಡ. ಅದು ಮನೆಯಲ್ಲ, ಮೇಣದಬತ್ತಿ ಹಚ್ಚಿದ ಸುಳ್ಳು. ತೋಟದ ಒಂದು ಎಲೆಯೂ ಅವರಿಗೆ ಹೋಗಕೂಡದು. ಹುಡುಗ ಬೇರೆ ಮಾತು. ಅಪ್ಪನ ಹೊಸ್ತಿಲು ದಾಟಿ ಬರಿಗೈಯಲ್ಲಿ ನಮ್ಮ ಕಡೆ ಬಂದರೆ ಅವನಿಗೆ ಕೊಡು. ಬಳ್ಳಿ ಕತ್ತರಿಸಲು ಬರುವುದಿಲ್ಲ ಅವನಿಗೆ, ನಾನು ಕಲಿಸುತ್ತೇನೆ. ನೀನು ತಾಯಿ, ಬೇಡ ಅನ್ನಿಸಿದರೆ ಬೇಡ ಅಂತಲೇ ಬರೆ. ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಅಕ್ಕ,
ಬೋರ್ಬಾಲಾ

ಮರೆತಿದ್ದೆ: ಎಮೆಶೆ ಫೋನು ಎತ್ತುತ್ತಿಲ್ಲ ಅಂತ ಅವಳಿರುವ ವೆಸ್ಪ್ರೇಮ್ ಪೇಟೆಯಲ್ಲಿ ಹುಡುಕಿಸಬೇಡ. ಸೋಮವಾರದಿಂದ ನನ್ನ ಅಡುಗೆಮನೆಯಲ್ಲಿ ಅಳುತ್ತಾ ನಗುತ್ತಾ ಇದ್ದಾಳೆ. ಬೆನೆದೆಕ್ ಅದಕ್ಕೂ ಮೊದಲೇ ಗಂಟು ಹೊತ್ತು ಬಂದ, ಕೊಟ್ಟಿಗೆಯಲ್ಲಿ ಮಲಗುತ್ತಾನೆ. ನಡುವೆ ನಾನೂ ನಾಯಿಯೂ ಇದ್ದೇವೆ. ಪಾದ್ರಿಗೆ ಹೇಳಿಯಾಗಿದೆ, ಕೊಯ್ಲು ಮುಗಿದ ಶನಿವಾರ ಮದುವೆ. ಅಷ್ಟರೊಳಗೆ ಆ ಕಾಲು ಸರಿಮಾಡಿಕೊ.