ಆರು ತಲೆ

ಅಮ್ಮಾ,

ನೀನು ಬೇಡವೆಂದಿದ್ದರೂ ಹೋದ ತಿಂಗಳು ಒಂದು ರಾತ್ರಿ ಪಾರ್ಟಿಗೆ ಹೋಗಿದ್ದೆ. ಬೈಗುಳವನ್ನು ಪತ್ರ ಮುಗಿಯುವವರೆಗೆ ತಡೆದುಕೋ.

ಕಾಲೇಜಿಗೆ ಹೊಸದಾಗಿ ಸೇರಿದವರಿಗೆಂದು ಸೀನಿಯರ್‌ಗಳು ಇಟ್ಟುಕೊಂಡಿದ್ದ ಪಾರ್ಟಿ ಅದು. ಹಾಸ್ಟೆಲಿನಿಂದ ಆರು ಹುಡುಗಿಯರು ಹೋಗಿದ್ದೆವು. ವಾಪಸು ಹೊರಡುವಾಗ ವ್ಯಾನಿನ ಬಾಗಿಲಲ್ಲಿ ನಿಂತು "ಎಲ್ರೂ ಇದ್ದೀರಾ?" ಎಂದೆ. "ಇದ್ದೀವಿ!" ಎಂದು ಕೂಗಿದರು. ನಾನು ಚಿಕ್ಕವಳಿದ್ದಾಗ ನಮ್ಮ ಶಾಲಾ ಬಸ್ಸಿನ ಮೆಟ್ಟಿಲ ಮೇಲೆ ನೀನು ಒಂದೊಂದು ಮಗುವಿನ ತಲೆಯನ್ನೂ ಮುಟ್ಟಿ ಎಣಿಸುತ್ತಿದ್ದೆ. "ಕೂಗಿದ್ದು ಲೆಕ್ಕ ಅಲ್ಲ, ಕೈಗೆ ಸಿಕ್ಕಿದ್ದು ಲೆಕ್ಕ" ಎನ್ನುತ್ತಿದ್ದೆ. ಗೆಳತಿಯರ ಮುಂದೆ ನನಗೆ ಎಷ್ಟು ನಾಚಿಕೆಯಾಗುತ್ತಿತ್ತು! ಅಂದು ನನ್ನ ಕೈ ತಾನಾಗಿಯೇ ಮೇಲೆದ್ದಿತು. ನನ್ನದೂ ಸೇರಿ ಐದೇ ತಲೆ.

"ನಿನ್ನ ರೂಮಿನವಳು ಆಗ್ಲೇ ಹೋದ್ಲಂತೆ, ನೀನು ವ್ಯಾನ್ ಹತ್ತೇ" ಎಂದರು. ನಾನು ಒಳಗೆ ಓಡಿದೆ. ನನ್ನ ರೂಮಿನವಳು ತಲೆ ಸುತ್ತಿ ಹಿಂಬದಿಯ ಮೆಟ್ಟಿಲ ಮೇಲೆ ಕುಸಿದಿದ್ದಳು. ಪಕ್ಕದಲ್ಲಿ ನಮಗೆ ಗುರುತಿಲ್ಲದ ಸೀನಿಯರ್ ಒಬ್ಬ ಕಾರಿನ ಕೀ ಹಿಡಿದು ನಿಂತಿದ್ದ.

"ನೀವು ಹೋಗಿ, ಇವಳನ್ನ ನಾನು ಬಿಡ್ತೀನಿ."

"ಆರು ಜನ ಬಂದಿದ್ವಿ, ಆರು ಜನಾನೇ ಹೋಗ್ತೀವಿ" ಎಂದೆ. ದನಿ ಥೇಟ್ ನಿನ್ನದೇ. ಅವನು ದಾರಿ ಬಿಟ್ಟ.

ಈಗ ನಮ್ಮ ಮಹಡಿಯ ಹದಿನಾಲ್ಕು ಜನರೂ ಬಸ್ಸು ಹತ್ತುವಾಗ ತಾವಾಗಿಯೇ ತಲೆ ಬಗ್ಗಿಸುತ್ತಾರೆ. ಮೊನ್ನೆ ಕಂಡಕ್ಟರ್, "ಏನಮ್ಮಾ, ಎಲ್ರಿಗೂ ಆಶೀರ್ವಾದಾನಾ?" ಎಂದು ನಕ್ಕ. "ಇಲ್ಲಣ್ಣ, ಹಾಜರಿ" ಎಂದೆ.

ಇನ್ನು ನನ್ನ ಫೋನಿಗೆ ಕಾಯುತ್ತ ಕೂರಬೇಡ, ಹೊತ್ತಿಗೆ ಸರಿಯಾಗಿ ಮಲಗು. "ನಿನ್ನ ತಲೆ ಯಾರು ಮುಟ್ತಾರೆ?" ಎಂದು ಕೇಳುತ್ತೀಯ, ಗೊತ್ತು. ನನ್ನ ರೂಮಿನವಳು. ಅವಳು ಮುಟ್ಟುವುದಿಲ್ಲ, ಮೊಟಕುತ್ತಾಳೆ.

ಇಂತಿ ನಿನ್ನ ಮಾತು ಕೇಳದ, ಕೇಳಿದ,
ಮಗಳು